ಹೊಲ ಮುಳುಗಿದಲ್ಲಿ ಮೀನಿನ ಬಿತ್ತನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮೀನು ಹಿಡಿಯುವ ಕಸುಬು ಬಹಳ ಹಳೆಯದು, ಮೀನು ಸಾಕುವುದು ಇತ್ತೀಚಿನದು. ತುಂಗಭದ್ರೆಯ ದಂಡೆಯ ಅಂಬಿಗರು, ಬೆಸ್ತರು ಹೊಳೆ ಕೊಟ್ಟದ್ದನ್ನು ಬಲೆಗೆ ತುಂಬಿಕೊಂಡರು. ಅವರ ಹರಿಗೋಲು ಮಾತ್ರ ಹೊರದೇಶದವರನ್ನೂ ಬೆರಗುಗೊಳಿಸಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಬುಟ್ಟಿಯಂತೆ ದುಂಡಗಿದ್ದು ತೊಗಲು ಹೊದಿಸಿದ ಈ ದೋಣಿಗಳನ್ನು ಬಣ್ಣಿಸಿದ್ದಾನೆ. ಇಂದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಿದಿರಿನ ಹೆಣಿಗೆ ಹಾಗೇ ಉಳಿದಿದೆ.

ಎಲ್ಲವನ್ನೂ ಬದಲಿಸಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ನೀರು ನಿಂತಿತು. ಸುಮಾರು 378 ಚದರ ಕಿಲೋಮೀಟರಿನ ಹಿನ್ನೀರಿನಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಫಲವತ್ತಾದ ನೆಲವೂ ಮುಳುಗಿತು. ನಾರಾಯಣದೇವರಕೆರೆ ಎಂಬ ಊರು ಮುಳುಗಡೆಯಾಗಿ ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಊರು, ಹೊಲ, ಗುಡಿ ಬಿಟ್ಟು ಬಂದವರ ನಷ್ಟ ಯಾವ ಲೆಕ್ಕಕ್ಕೂ ಸಿಕ್ಕುವಂಥದ್ದಲ್ಲ.

ಹೀಗೆ ನಿಂತ ನೀರಿನಲ್ಲಿ ಮೀನು ಸಾಕುವುದಕ್ಕೆ ಒಂದು ತೊಡಕಿದೆ. ಸಾಕುವ ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. ಹಾಗಾಗಿ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕು. ಈ ಕೆಲಸಕ್ಕೆ ಕನ್ನಡದಲ್ಲಿ ನಿಂತ ಮಾತು ‘ಮೀನುಮರಿ ಬಿತ್ತನೆ’. ಒಕ್ಕಲುತನದ ಮಾತೇ ನೀರಿಗಿಳಿಯಿತು. ಮೊದಲೆಲ್ಲ ಮಳೆಗಾಲದ ಹೊಳೆಯಲ್ಲಿ ಮರಿ ಸೋಸಿ ತರಬೇಕಿತ್ತು, ಅದರಲ್ಲಿ ಬೇಡದ ಮೀನಿನ ಮರಿಗಳೂ ಬೆರೆತಿರುತ್ತಿದ್ದವು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಆ ಪರದಾಟ ತಪ್ಪಿತು. ತುಂಗಭದ್ರಾ ಮಂಡಳಿಯೂ ಅಣೆಕಟ್ಟಿನ ಬಳಿ ಮೀನುಮರಿ ಕೇಂದ್ರ ನಡೆಸಿತು.

ಈ ಮೂರೂ ಜಾತಿಯ ಮರಿಗಳನ್ನು ಒಟ್ಟಿಗೆ ಬಿಡುವುದರಲ್ಲಿ ಅಕ್ಕಡಿ ಬೆಳೆಯ ಜಾಣ್ಮೆಯಿದೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದ ಕೆಸರಿನಲ್ಲಿ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಸಾಕಣೆ ಹೊಂಡದ ಮೀನಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಸಮಸಮ ಬೆರೆಸಿ, ನೀರು ಚಿಮುಕಿಸಿ ಉಂಡೆ ಕಟ್ಟಿ ಹಾಕುವುದು ವಾಡಿಕೆ. ಶೇಂಗಾ ಈ ಸೀಮೆಯದೇ ಬೆಳೆ, ಹಿಂಡಿಗೆ ದೂರ ಹೋಗಬೇಕಾಗಿಲ್ಲ.

ಹಿನ್ನೀರಿನ ಅನುಕೂಲ ಕೂಡ್ಲಿಗಿ, ಕೊಟ್ಟೂರು ಕಡೆಗೆ ಇಲ್ಲ. ಅಲ್ಲಿ ಮುಂಗಾರಿನಲ್ಲಿ ಕೆರೆ ತುಂಬಿದರೆ ಮರಿ ಬಿಟ್ಟು, ಬೇಸಿಗೆಯಲ್ಲಿ ನೀರು ಬತ್ತುವ ಮೊದಲೇ ಹಿಡಿದು ಮುಗಿಸಬೇಕು. ಮಳೆ ಕೈಕೊಟ್ಟ ವರ್ಷ ಹೊಲದಂತೆ ಕೆರೆಗೂ ಬಿತ್ತನೆಯಿಲ್ಲ.