ಆಟ ನಿಲ್ಲಿಸದ ಅಂಗಳ: ಲಾರ್ಡ್ಸ್, 1945

1945ರ ಮೇ 8ರಂದು ಯುರೋಪಿನಲ್ಲಿ ಯುದ್ಧ ಮುಗಿಯಿತು. ಅದಾದ ಹನ್ನೊಂದನೆಯ ದಿನವೇ, ಮೇ 19ರಂದು, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ಮತ್ತು ಸೇನಾಪಡೆಗಳ ಆಟಗಾರರ ಆಸ್ಟ್ರೇಲಿಯನ್ ಸರ್ವೀಸಸ್ ತಂಡ ಮೂರು ದಿನಗಳ ಪಂದ್ಯಕ್ಕೆ ಇಳಿದವು. ಅಷ್ಟು ಬೇಗ ಅದು ಸಾಧ್ಯವಾದದ್ದು, ಯುದ್ಧದ ಆರು ವರ್ಷಗಳಲ್ಲಿ ಈ ಮೈದಾನ ಆಟಕ್ಕೆ ಬೆನ್ನು ತಿರುಗಿಸಿರಲಿಲ್ಲ ಎಂಬುದರಿಂದ.

1814ರಿಂದ ಇದೇ ಜಾಗದಲ್ಲಿರುವ ಲಾರ್ಡ್ಸ್, 1941ರಲ್ಲಿ ವಾಯುಪಡೆಗೆ ಸೇರುವ ಹುಡುಗರ ಸ್ವಾಗತ ಕೇಂದ್ರವಾಯಿತು. ವಿಮಾನ ದಾಳಿ ತಡೆಯಲು ಆಕಾಶಕ್ಕೆ ಬಿಟ್ಟಿದ್ದ ಬಲೂನಿನ ತಂತಿಗೆ ಸಿಕ್ಕಿ, ಗ್ರ್ಯಾಂಡ್ ಸ್ಟ್ಯಾಂಡ್ ಮೇಲಿನ 'ಫಾದರ್ ಟೈಮ್' ಗಾಳಿ ದಿಕ್ಸೂಚಿ 1940ರಲ್ಲೇ ಕೆಳಗೆ ಬಿದ್ದಿತ್ತು. ಮೈದಾನದ ಒಡೆಯನಾದ ಎಂಸಿಸಿ ಕ್ಲಬ್ಬಿನ ಉಸ್ತುವಾರಿ ಹೊತ್ತಿದ್ದ ಪೆಲ್ಹಾಮ್ ವಾರ್ನರ್ ಮಾತ್ರ ಒಂದು ದಿನದ ಪಂದ್ಯಗಳನ್ನು ನಡೆಸುತ್ತಲೇ ಹೋದರು. 1944ರ ಜುಲೈ 29ರಂದು ಭೂಸೇನೆಗೂ ವಾಯುಪಡೆಗೂ ಆಟ ನಡೆದಿದ್ದಾಗ ಜರ್ಮನರ ಹಾರುಬಾಂಬಿನ ಸದ್ದು ಕೇಳಿತು. ಆಟಗಾರರೆಲ್ಲ ಹುಲ್ಲಿನ ಮೇಲೆ ಬೋರಲು ಮಲಗಿದರು. ಬಾಂಬು ಮೈದಾನದ ಹೊರಗೆ ಸಿಡಿಯಿತು. ಎದ್ದು ಬಟ್ಟೆ ಕೊಡವಿಕೊಂಡ ಬ್ಯಾಟ್ಸ್‌ಮನ್ ಜ್ಯಾಕ್ ರಾಬರ್ಟ್‌ಸನ್, ಆಟ ಮತ್ತೆ ಶುರುವಾದೊಡನೆ ಸಿಕ್ಸರ್ ಬಾರಿಸಿದರು.

1945ರ ಬೇಸಿಗೆಯಲ್ಲಿ ನಡೆದ ಐದು ಪಂದ್ಯಗಳಿಗೆ 'ವಿಕ್ಟರಿ ಟೆಸ್ಟ್' ಎಂಬ ಹೆಸರು ಬಿತ್ತು. ಆಸ್ಟ್ರೇಲಿಯನ್ನರ ಪೈಕಿ ಟೆಸ್ಟ್ ಆಡಿದ್ದವರು ನಾಯಕ ಲಿಂಡ್ಸೆ ಹ್ಯಾಸೆಟ್ ಒಬ್ಬರೇ. ಹಾಗಾಗಿ ಅಧಿಕೃತ ಟೆಸ್ಟ್ ಮಾನ್ಯತೆ ಸಿಗಲಿಲ್ಲ. ಜನಕ್ಕೆ ಅದು ಲೆಕ್ಕಕ್ಕೇ ಬರಲಿಲ್ಲ, ಲಕ್ಷಗಟ್ಟಲೆ ಬಂದರು. ಎರಡೂ ತಂಡಗಳು ತಲಾ ಎರಡು ಗೆದ್ದು, ಒಂದು ಡ್ರಾ ಆಗಿ ಸರಣಿ ಸಮವಾಯಿತು. ಇಂಗ್ಲೆಂಡಿನ ಹೆಡ್ಲಿ ವೆರಿಟಿ ಮಾತ್ರ ಇರಲಿಲ್ಲ. 1939ರ ಸೆಪ್ಟೆಂಬರ್ 1ರಂದು, ಯುದ್ಧ ಶುರುವಾದ ದಿನವೇ, 9 ರನ್ನಿಗೆ 7 ವಿಕೆಟ್ ಕಿತ್ತಿದ್ದ ಆ ಸ್ಪಿನ್ನರ್ 1943ರಲ್ಲಿ ಇಟಲಿಯಲ್ಲಿ ಸೆರೆಯಾಳಾಗಿ ಗಾಯಗಳಿಂದ ತೀರಿಕೊಂಡಿದ್ದರು.

ಬದುಕಿ ಬಂದ ಸೆರೆಯಾಳೊಬ್ಬರು ಮೊದಲ ಪಂದ್ಯದಲ್ಲೇ ಆಡಿದರು. ಆಸ್ಟ್ರೇಲಿಯದ ವೇಗದ ಬೌಲರ್ ಗ್ರಹಾಂ ವಿಲಿಯಮ್ಸ್ ಸುಮಾರು ನಾಲ್ಕು ವರ್ಷ ಜರ್ಮನರ ಸೆರೆಯಲ್ಲಿದ್ದು, ಅಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಬ್ರೈಲ್ ಕಲಿಸಿದ್ದವರು. ತೂಕ ಸುಮಾರು 30 ಕಿಲೋ ಇಳಿದಿತ್ತು. ಓವರುಗಳ ನಡುವೆ ಗ್ಲೂಕೋಸ್ ನೀರು ಕುಡಿಯುತ್ತಲೇ ಬೌಲ್ ಮಾಡಿದರು. ಅವರು ಬ್ಯಾಟ್ ಹಿಡಿದು ಅಂಗಳಕ್ಕೆ ಬಂದಾಗ ಇಡೀ ಲಾರ್ಡ್ಸ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಿಲಿಯಮ್ಸ್ 53 ರನ್ ಹೊಡೆದರು.

ಆ ವರ್ಷದ ದೊಡ್ಡ ಸಂಗತಿ ನಡೆದದ್ದು ಆಗಸ್ಟ್ ಕೊನೆಯಲ್ಲಿ, ಲಾರ್ಡ್ಸ್‌ನಲ್ಲೇ ಇಂಗ್ಲೆಂಡಿಗೂ ಬ್ರಿಟಿಷ್ ಸಾಮ್ರಾಜ್ಯದ ಇತರ ನಾಡುಗಳ ಆಟಗಾರರಿದ್ದ ಡೊಮಿನಿಯನ್ಸ್ ತಂಡಕ್ಕೂ ಆದ ಮೂರು ದಿನಗಳ ಪಂದ್ಯದಲ್ಲಿ. ಹ್ಯಾಸೆಟ್‌ಗೆ ಮೈ ಹುಷಾರಿಲ್ಲದೆ ನಾಯಕನ ಜಾಗ ತೆರವಾಗಿತ್ತು. ಆಸ್ಟ್ರೇಲಿಯನ್ನರೇ ಹೆಚ್ಚಿದ್ದ ಆ ತಂಡದವರು ಟ್ರಿನಿಡಾಡಿನ ಲಿಯರಿ ಕಾನ್‌ಸ್ಟಂಟೈನ್ ಅವರನ್ನು ತಾವೇ ನಾಯಕನನ್ನಾಗಿ ಆರಿಸಿಕೊಂಡರು. ಎರಡೇ ವರ್ಷದ ಕೆಳಗೆ, ಲಾರ್ಡ್ಸ್‌ನಲ್ಲಿ ಆಡಲು ಬಂದಿದ್ದ ಇದೇ ಕಾನ್‌ಸ್ಟಂಟೈನ್‌ಗೆ, ಕಪ್ಪು ವರ್ಣದವರೆಂಬ ಕಾರಣಕ್ಕೆ ಲಂಡನ್ನಿನ ಹೋಟೆಲೊಂದು ಕಾದಿರಿಸಿದ ಕೋಣೆಯಲ್ಲಿ ಉಳಿಯಗೊಟ್ಟಿರಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಪರಿಹಾರ ಬಂದದ್ದು ಐದು ಗಿನಿ. ಈಗ ಅದೇ ಊರಿನಲ್ಲಿ ಬಿಳಿಯ ಆಟಗಾರರಿಗೆ ಅವರೇ ಮುಂದಾಳು. ಅವರ ತಂಡದ ಕೀತ್ ಮಿಲ್ಲರ್ ಏಳು ಸಿಕ್ಸರ್ ಸಹಿತ 185 ಹೊಡೆದರು. ವಾಲಿ ಹ್ಯಾಮಂಡ್ ಎರಡೂ ಇನಿಂಗ್ಸ್‌ನಲ್ಲಿ ಶತಕ ಬಾರಿಸಿದರೂ ಇಂಗ್ಲೆಂಡ್ 45 ರನ್ನಿಂದ ಸೋತಿತು.

ಆಸ್ಟ್ರೇಲಿಯನ್ ಸರ್ವೀಸಸ್ ತಂಡ ಅಲ್ಲಿಂದ ಭಾರತಕ್ಕೆ ಬಂತು. ಮದ್ರಾಸಿನಲ್ಲಿ ವಿಜಯ್ ಮರ್ಚೆಂಟರ ತಂಡಕ್ಕೆ ಸೋತಿತು. 1946ರ ಜೂನ್‌ನಲ್ಲಿ ಲಾರ್ಡ್ಸ್‌ನ ಯುದ್ಧಾನಂತರದ ಮೊದಲ ಟೆಸ್ಟ್ ಆಡಿದ್ದೂ ಪಟೌಡಿ ನವಾಬರ ಭಾರತ ತಂಡವೇ.

ಸ್ಮರಣೆಯೆಂದರೆ ಬರೀ ಹೊಗಳಿಕೆಯಲ್ಲ. ಸಂಕಟದ ಕಾಲದಲ್ಲಿ ಆಟಗಾರರು ಯಾರ ಒತ್ತಾಯವೂ ಇಲ್ಲದೆ, ಕಾನ್‌ಸ್ಟಂಟೈನ್ ಅವರನ್ನು ನಾಯಕನನ್ನಾಗಿ ಆರಿಸಿ ಮಾಡಿದ ಕೆಲಸವನ್ನು ಶಾಂತಿಯ ಕಾಲದ ಮಂಡಳಿಗಳು ಮುಂದುವರಿಸಲಿಲ್ಲ. ವೆಸ್ಟ್ ಇಂಡೀಸ್ ತಂಡವೇ ಪೂರ್ತಿ ಸರಣಿಗೆ ಕಪ್ಪು ವರ್ಣದ ನಾಯಕನನ್ನು ಒಪ್ಪಿಕೊಂಡದ್ದು 1960ರಲ್ಲಿ, ಫ್ರಾಂಕ್ ವೊರೆಲ್ ಅವರ ಮೂಲಕ. ಲಾರ್ಡ್ಸ್‌ನ ಆ ಮೂರು ದಿನ ತೋರಿಸಿಕೊಟ್ಟದ್ದನ್ನು ನಂಬಲು ಕ್ರಿಕೆಟ್ ಲೋಕಕ್ಕೆ ಹದಿನೈದು ವರ್ಷ ಬೇಕಾಯಿತು.