ಮರಳುಗಾಡಿನ ಹಾದಿ ಬಲ್ಲವನು

ಮರಳುಗಾಡಿಗೆ ಹೂ ನೋಡಲು ಹೋಗುವುದೆಂದರೆ ಯಾರಿಗಾದರೂ ನಗು ಬರಬೇಕಾದದ್ದೇ, ನನಗೂ ಬಂದಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊದಲ್ಲಿರುವ ಮಗಳ ಮನೆಯಲ್ಲಿ ಚಳಿಗಾಲ ಕಳೆಯುತ್ತಿದ್ದೆ. "ಈ ಸಲ ಮಳೆ ಚೆನ್ನಾಗಿ ಆಗಿದೆಯಪ್ಪಾ, ಬೊರೇಗೊ ಸ್ಪ್ರಿಂಗ್ಸಿನಲ್ಲಿ ಆಗಲೇ ಹೂ ಬಿಟ್ಟಿವೆಯಂತೆ" ಎಂದು ಅವಳು ಹೊರಡಿಸಿದಳು. ಜನವರಿಯ ಕೊನೆಯ ವಾರ. ಬೆಟ್ಟದ ತಿರುವುಗಳನ್ನು ಇಳಿದು ಸುಮಾರು ಎರಡು ಗಂಟೆಯಲ್ಲಿ ಊರು ಸೇರಿದೆವು. ಪುಟ್ಟ ಊರು; ಸುತ್ತ ಸುಮಾರು 6 ಲಕ್ಷ ಎಕರೆಯ ಆಂಜಾ-ಬೊರೇಗೊ ಮರುಭೂಮಿ ಉದ್ಯಾನ.

ಹೂವಿನ ಜಾತ್ರೆ ನೆರೆಯುವುದು ಫೆಬ್ರವರಿಯ ಕೊನೆಗೆ, ಮಾರ್ಚಿಗೆ. ನಾವು ಕಂಡದ್ದು ಬರಿಯ ಮುನ್ಸೂಚನೆ: ಮರಳಿಗೆ ಅಂಟಿಕೊಂಡು ಹಬ್ಬಿದ ವರ್ಬೀನದ ನೇರಿಳೆ ಗೊಂಚಲು, ನಡುನಡುವೆ ಪ್ರಿಮ್‌ರೋಸಿನ ಬಿಳಿಯ ಬಟ್ಟಲು. ಇಲ್ಲಿನ ಬೀಜಗಳು ಬಲು ಜಾಣ. ತುಂತುರು ಹನಿಗೆ ಮೋಸಹೋಗುವುದಿಲ್ಲ. ಮೊಳಕೆಯನ್ನು ತಡೆಹಿಡಿದ ದ್ರವ್ಯ ತೊಳೆದುಹೋಗುವಷ್ಟು ಮಳೆ ಬಿದ್ದ ಮೇಲೆಯೇ ಕಣ್ಣು ಬಿಡುತ್ತವೆ. ಅಲ್ಲಿಯವರೆಗೆ ವರ್ಷಗಟ್ಟಲೆ ಕಾಯುತ್ತವೆ.

ಸಂಜೆ ಫಾಂಟ್ಸ್ ಪಾಯಿಂಟ್ ಎಂಬ ಕಡಿದಾದ ಅಂಚಿನಲ್ಲಿ ನಿಂತೆವು. ಕೆಳಗೆ ನೀರು ಕೊರೆದು ಬಿಟ್ಟ ಬೋಳುಗುಡ್ಡಗಳ ಸಾಲು. ಪೇಡ್ರೊ ಫಾಂಟ್ ಎಂಬ ಪಾದ್ರಿಯ ಹೆಸರು ಈ ಜಾಗಕ್ಕೆ. 1775ರಲ್ಲಿ ಹುವಾನ್ ಬೌಟಿಸ್ಟಾ ಡಿ ಆಂಜಾ ಎಂಬ ಸ್ಪೇನಿನ ದಳಪತಿ, ಹೆಂಗಸರು ಮಕ್ಕಳೂ ಸೇರಿ 240 ಜನರನ್ನು ಕರೆದುಕೊಂಡು ಈ ದಾರಿಯಲ್ಲಿ ಹಾದುಹೋದಾಗ ಪಾದ್ರಿ ದಿನಚರಿ ಬರೆದನು. ಆ ಡಿಸೆಂಬರ್ 24ರ ರಾತ್ರಿ ಇಲ್ಲೇ ಕಯೋಟಿ ಕಣಿವೆಯಲ್ಲಿ ಒಬ್ಬ ಸಿಪಾಯಿಯ ಹೆಂಡತಿ ಗಂಡು ಮಗುವನ್ನು ಹೆತ್ತಳು. ಮರುದಿನ ಪಾದ್ರಿ ಅದಕ್ಕೆ ಸಾಲ್ವಡಾರ್ ಎಂದು ಹೆಸರಿಟ್ಟನು. ಈ ಕಥೆಯನ್ನು ಇಲ್ಲಿನವರು ಪ್ರೀತಿಯಿಂದ ಹೇಳುತ್ತಾರೆ.

ಆದರೆ ನನ್ನ ಮನಸ್ಸು ಹಿಡಿದದ್ದು ಅದಕ್ಕೂ ಮುಂಚಿನ ಕಥೆ. ಕರಾವಳಿಯ ಮಿಷನ್ನುಗಳಿಗೆ ಸಾಮಾನು ಸರಂಜಾಮು ಬಹುಮಟ್ಟಿಗೆ ಹಡಗಿನಲ್ಲೇ ಬರಬೇಕಾಗಿತ್ತು. ಸ್ಪೇನಿನವರಿಗೆ ನೆಲದ ಹಾದಿಯೊಂದು ಬೇಕಿತ್ತು. ಅದೇ ಕಾಲಕ್ಕೆ ಸೆಬಾಸ್ಟಿಯನ್ ತಾರಬಾಲ್ ಎಂಬ ಬಾಹಾ ಕ್ಯಾಲಿಫೋರ್ನಿಯದ ಮೂಲನಿವಾಸಿ, ಸ್ಯಾನ್ ಗೇಬ್ರಿಯಲ್ ಮಿಷನ್ನನ್ನು ತೊರೆದು, ಹೆಂಡತಿಯನ್ನೂ ಒಬ್ಬ ಬಂಧುವನ್ನೂ ಕರೆದುಕೊಂಡು ಪೂರ್ವಕ್ಕೆ ಓಡಿದನು. ಮರಳದಿಬ್ಬಗಳಲ್ಲಿ ನೀರು ಸಿಗದೆ ಅವರಿಬ್ಬರೂ ಸತ್ತರು. ಇವನೊಬ್ಬ ಕೊಲರಾಡೊ ನದಿಯನ್ನು ಸೇರಿ ಬದುಕಿಕೊಂಡನು.

ಆಂಜಾ ಅವನನ್ನೇ ದಾರಿ ತೋರಿಸಲು ಕರೆದುಕೊಂಡನು. 1774ರ ಫೆಬ್ರವರಿಯಲ್ಲಿ ದಂಡು ಆ ದಿಬ್ಬಗಳಲ್ಲಿಯೇ ದಾರಿ ತಪ್ಪಿ, ದನಕರು ಸೊರಗಿ, ನದಿಗೆ ಹಿಂತಿರುಗಬೇಕಾಯಿತು. ದಕ್ಷಿಣಕ್ಕೆ ಬಳಸಿ ಬಂದಾಗ ಮಾರ್ಚಿನಲ್ಲಿ ಒಂದು ನೀರಿನ ತಾಣ. ಅದನ್ನು ನೋಡಿದೊಡನೆ ಸೆಬಾಸ್ಟಿಯನ್ ಗುರುತು ಹಿಡಿದನು. ತಾನು ಹಿಂದೆ ಬಂದ ಜಾಗ! ಅಲ್ಲಿಂದ ಮುಂದೆ ಈ ಕಣಿವೆ, ಇದೇ ಹೂವಿನ ಕಾಲ. ಮಾರ್ಚ್ 22ರಂದು ದಂಡು ಗುರಿ ಮುಟ್ಟಿತು. ಗುರಿ ಯಾವುದು ಗೊತ್ತೇ? ಅವನು ಓಡಿಹೋಗಿದ್ದ ಅದೇ ಸ್ಯಾನ್ ಗೇಬ್ರಿಯಲ್ ಮಿಷನ್!

ಕಣಿವೆಯಲ್ಲಿ ಅದಕ್ಕೂ ಮೊದಲೇ ಕಹ್ವೀಯ ಜನ ನೆಲಸಿದ್ದರು. ನೀರಿನ ನೆಲೆ ಅವರಿಗೆ ಹೊಸದಲ್ಲ. ಸ್ಪೇನಿನವರ ಹಾದಿಯಂತೂ ಬಹಳ ದಿನ ಬಾಳಲಿಲ್ಲ. 1781ರಲ್ಲಿ ಕೊಲರಾಡೊ ತೀರದ ಯೂಮಾ ಜನ ತಿರುಗಿಬಿದ್ದು ಅದನ್ನು ಮುಚ್ಚಿದರು.

ಉದ್ಯಾನದ ಹೆಸರಿನಲ್ಲಿ ದಳಪತಿ ಇದ್ದಾನೆ. ಕುರಿಯೂ ಇದೆ, ಏಕೆಂದರೆ ಬೊರೇಗೊ ಎಂದರೆ ಸ್ಪ್ಯಾನಿಷಿನಲ್ಲಿ ಕುರಿಮರಿ. ಹಾದಿ ಬಲ್ಲವನ ಹೆಸರನ್ನು ಆಂಜಾ ಆ ನೀರಿನ ತಾಣಕ್ಕೆ ಇಟ್ಟನು. ಉದ್ಯಾನದಿಂದಾಚೆಯ ಆ ಜೌಗುನೆಲ ಈಗಲೂ ಸ್ಯಾನ್ ಸೆಬಾಸ್ಟಿಯನ್ ಎನಿಸಿಕೊಳ್ಳುತ್ತದೆ.

ಬೆಳಿಗ್ಗೆಯಿಂದ ನಾನು ಎರಡು ಸಲ ನೀರಿನ ಬಾಟಲಿ ತುಂಬಿಸಿಕೊಂಡಿದ್ದೆ. "ಹೂ ಇನ್ನೂ ಹೆಚ್ಚು ಇರಬೇಕಿತ್ತು, ಅಲ್ಲವೇನಪ್ಪಾ?" ಎಂದಳು ಮಗಳು. ಇಷ್ಟೇ ಸಾಕೆನಿಸಿತು. ಕಾರಿಗೆ ಮರಳುವಾಗ, ದಾರಿಯಲ್ಲಿದ್ದ ವರ್ಬೀನವನ್ನು ತುಳಿಯದೆ ಬಳಸಿ ನಡೆದೆ.