ಸತ್ಯಂ ಪ್ರಕರಣ: ನೈತಿಕ ನಾಯಕತ್ವವೂ ಕಾರ್ಯತಂತ್ರವೂ

2009ರ ಜನವರಿ 7ರ ಬೆಳಿಗ್ಗೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಕಳಿಸಿದರು. ಕಂಪನಿಯ ಲೆಕ್ಕಪುಸ್ತಕಗಳಲ್ಲಿ ಹಲವು ವರ್ಷಗಳಿಂದ ಸುಳ್ಳು ಅಂಕಿಗಳಿವೆ ಎಂಬ ತಪ್ಪೊಪ್ಪಿಗೆ ಅದರಲ್ಲಿತ್ತು. ದೇಶದ ನಾಲ್ಕನೆಯ ದೊಡ್ಡ ಸಾಫ್ಟ್‌ವೇರ್ ರಫ್ತು ಕಂಪನಿ ಎನಿಸಿಕೊಂಡಿದ್ದ, ಐವತ್ತು ಸಾವಿರದಷ್ಟು ಜನರಿಗೆ ಉದ್ಯೋಗ ಕೊಟ್ಟಿದ್ದ ಸಂಸ್ಥೆಯ ಷೇರು ಅದೇ ದಿನ ಮುಕ್ಕಾಲು ಪಾಲು ಬೆಲೆ ಕಳೆದುಕೊಂಡಿತು. ವ್ಯವಹಾರ ಸಂಸ್ಥೆಗಳಲ್ಲಿ ನೀತಿಗೂ ಕಾರ್ಯತಂತ್ರಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಭಾರತದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಎರಡು ಪರಿಕಲ್ಪನೆಗಳು

ಸಂಸ್ಥೆ ಎಲ್ಲಿಗೆ ಹೋಗಬೇಕು, ಯಾವ ಮಾರುಕಟ್ಟೆಯಲ್ಲಿ ನಿಲ್ಲಬೇಕು, ಇರುವ ಹಣವನ್ನೂ ಜನರನ್ನೂ ಎಲ್ಲಿ ತೊಡಗಿಸಬೇಕು ಎಂಬ ದೀರ್ಘಾವಧಿಯ ತೀರ್ಮಾನಗಳನ್ನು ಕೈಗೊಂಡು ಜಾರಿಗೆ ತರುವುದು ಕಾರ್ಯತಂತ್ರ ನಿರ್ವಹಣೆ. ಆಲ್ಫ್ರೆಡ್ ಚಾಂಡ್ಲರ್ 1962ರಲ್ಲಿ, ಮೈಕೆಲ್ ಪೋರ್ಟರ್ 1980ರಲ್ಲಿ ಪ್ರಕಟಿಸಿದ ಪುಸ್ತಕಗಳು ಈ ವಿಷಯಕ್ಕೆ ಅಧ್ಯಯನಶಿಸ್ತಿನ ರೂಪ ಕೊಟ್ಟವು. ಲಾಭ ಗಳಿಸುವುದೇ ಉದ್ಯಮದ ಸಾಮಾಜಿಕ ಹೊಣೆ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದರು. ಆದರೆ ಕಾನೂನು ಮೀರಬಾರದು, ಮೋಸ ಮಾಡಬಾರದು ಎಂಬ ಷರತ್ತು ಅದೇ ವಾದದೊಳಗಿತ್ತು. ಅದನ್ನು ಉದ್ಧರಿಸುವವರು ಸಾಮಾನ್ಯವಾಗಿ ಈ ಷರತ್ತನ್ನು ಬಿಟ್ಟೇ ಮಾತಾಡುತ್ತಾರೆ. ಷೇರುದಾರರ ಜೊತೆಗೆ ನೌಕರರು, ಗ್ರಾಹಕರು, ಪೂರೈಕೆದಾರರು, ಊರಿನವರು ಎಲ್ಲರೂ ಸಂಸ್ಥೆಯ ಹಿತಾಸಕ್ತರೇ ಎಂದು ಎಡ್ವರ್ಡ್ ಫ್ರೀಮನ್ 1984ರಲ್ಲಿ ವಾದಿಸಿದರು.

ನೈತಿಕ ನಾಯಕತ್ವವನ್ನು ವಿವರಿಸಲು ಲಿಂಡಾ ಟ್ರೆವಿನೊ ಮತ್ತು ಸಂಗಡಿಗರು 2000ದಲ್ಲಿ ಮುಂದಿಟ್ಟ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಯಕ ಸ್ವಂತ ನಡತೆಯಲ್ಲಿ ಪ್ರಾಮಾಣಿಕನಾಗಿದ್ದರೆ ಅರ್ಧ ಕೆಲಸವಷ್ಟೇ ಆದಂತೆ. ಬಹುಮಾನ, ಶಿಕ್ಷೆ, ಲೆಕ್ಕ, ಬಡ್ತಿಗಳ ಮೂಲಕ ಸಂಸ್ಥೆಯಲ್ಲಿ ಪ್ರಾಮಾಣಿಕತೆ ನಡೆಯುವ ಹಾಗೆ ಮಾಡುವುದು ಉಳಿದರ್ಧ. ನೀತಿಯ ಬಗ್ಗೆ ಬಹಳ ಮಾತಾಡಿ ಹಾಗೆ ನಡೆದುಕೊಳ್ಳದ ನಾಯಕನನ್ನು ಅವರು ಆಷಾಢಭೂತಿಗಳ ಸಾಲಿಗೆ ಸೇರಿಸುತ್ತಾರೆ.

ಸುಳ್ಳು ತಂತ್ರವನ್ನು ನುಂಗಿದ್ದು

ಸತ್ಯಂ 1987ರಲ್ಲಿ ಆರಂಭವಾಯಿತು. ರಾಜು ಅವರ ಪತ್ರದ ಪ್ರಕಾರ, ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ವ್ಯತ್ಯಾಸ. ಕಂಪನಿ ಬೆಳೆದಂತೆ ಅದೂ ಬೆಳೆಯಿತು. 2008ರ ಸೆಪ್ಟೆಂಬರ್‌ಗೆ ಮುಗಿದ ತ್ರೈಮಾಸಿಕದಲ್ಲಿ ಕಂಪನಿ 2,700 ಕೋಟಿ ರೂಪಾಯಿ ವರಮಾನ, 649 ಕೋಟಿ ಕಾರ್ಯಾಚರಣೆಯ ಲಾಭ ತೋರಿಸಿತ್ತು. ಪತ್ರ ಕೊಟ್ಟ ನಿಜ ಲೆಕ್ಕದಲ್ಲಿ ವರಮಾನ 2,112 ಕೋಟಿ, ಲಾಭ 61 ಕೋಟಿ. ಅಂದರೆ ನೂರಕ್ಕೆ 24 ಎಂದು ಹೇಳಿಕೊಂಡ ಲಾಭ ಇದ್ದದ್ದು ನೂರಕ್ಕೆ 3. ಬ್ಯಾಂಕಿನಲ್ಲಿದೆ ಎಂದು ತೋರಿಸಿದ 5,361 ಕೋಟಿಯಲ್ಲಿ 5,040 ಕೋಟಿ ಇರಲೇ ಇಲ್ಲ.

ಇಲ್ಲಿ ಮೋಸವನ್ನು ಬರೀ ಅಪರಾಧವೆಂದು ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ನೂರಕ್ಕೆ ಮೂರು ಲಾಭ ಬರುತ್ತಿರುವ ಕಂಪನಿ ನಿಜ ಒಪ್ಪಿಕೊಂಡಿದ್ದರೆ ಖರ್ಚು ತಗ್ಗಿಸುವುದು, ನಷ್ಟದ ಗುತ್ತಿಗೆ ಬಿಡುವುದು, ಪಾಲುದಾರರನ್ನು ಹುಡುಕುವುದು ಹೀಗೆ ಹಲವು ದಾರಿಗಳಿದ್ದವು. ಲಾಭ ಚೆನ್ನಾಗಿದೆ ಎಂದು ಒಮ್ಮೆ ಹೇಳಿಬಿಟ್ಟ ಮೇಲೆ ಇವುಗಳಲ್ಲಿ ಯಾವುದನ್ನೂ ಬಹಿರಂಗವಾಗಿ ಮಾಡುವಂತಿಲ್ಲ. ಹಳೆಯ ಸಾಲ ತೀರಿಸಲು ಹೊಸ ಕೈಸಾಲ ಮಾಡುವವನ ಹಾಗೆ, ಪ್ರತಿ ತ್ರೈಮಾಸಿಕವೂ ಹಿಂದಿನದರ ಸುಳ್ಳನ್ನು ಹೊತ್ತುಕೊಂಡೇ ಬರಬೇಕಾಯಿತು.

ಸುಳ್ಳನ್ನು ಸಾಕಲು ಒಳಗೊಂದು ಯಂತ್ರವೇ ಬೇಕಾಯಿತು. ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳನ್ನು ಕಂಪನಿಯ ಗಣಕ ವ್ಯವಸ್ಥೆಯಲ್ಲೇ ಸೃಷ್ಟಿಸಲಾಗಿತ್ತು ಎಂದು ಸಿಬಿಐ ತನಿಖೆ ಹೇಳಿತು. ಆಯಾ ವಿಭಾಗದ ಮುಖ್ಯಸ್ಥರಿಗೆ ಅವು ಕಾಣದಂತೆ ಮರೆಮಾಡಿಡುವ ಏರ್ಪಾಡೂ ಇತ್ತು. ಠೇವಣಿ ರಸೀದಿಗಳೂ ನಕಲಿಯೇ.

ಮೇಟಾಸ್ ಖರೀದಿ

2008ರ ಡಿಸೆಂಬರ್ 16ರಂದು ಸತ್ಯಂ ಮಂಡಳಿ 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಪ್ರಾಪರ್ಟೀಸ್ ಕಂಪನಿಯನ್ನು ಪೂರ್ತಿಯಾಗಿ, ಮೇಟಾಸ್ ಇನ್‌ಫ್ರಾದಲ್ಲಿ ಶೇಕಡ 51 ಪಾಲನ್ನು ಕೊಳ್ಳಲು ಒಪ್ಪಿತು. ಎರಡೂ ರಾಜು ಕುಟುಂಬದ ಹಿಡಿತದಲ್ಲಿದ್ದವು, ಮಕ್ಕಳು ನಡೆಸುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗೆ ಜಮೀನು, ಕಟ್ಟಡಗಳ ವ್ಯವಹಾರ ಏಕೆ ಎಂದರೆ, ಒಂದೇ ವ್ಯಾಪಾರವನ್ನು ನೆಚ್ಚಿಕೊಂಡಿರುವ ಅಪಾಯ ತಗ್ಗಿಸಲು ಎಂಬ ಉತ್ತರ ಸಿದ್ಧವಾಗಿತ್ತು. ನಿಜವಾದ ಉದ್ದೇಶವೆಂದರೆ, ಇಲ್ಲದ ನಗದಿನ ಜಾಗಕ್ಕೆ ಇರುವ ಆಸ್ತಿಯನ್ನು ತಂದು ಕೂರಿಸುವುದು ಎಂದು ಪತ್ರವೇ ಮುಂದೆ ಹೇಳಿತು. ವೈವಿಧ್ಯೀಕರಣ ಎಂಬ ಗೌರವದ ಹೆಸರಿನಲ್ಲಿ ಏನೇನು ಒಳಬರಬಹುದು ಎಂಬುದಕ್ಕೆ ಇದು ಸಾಕ್ಷಿ.

ಆ ಮಂಡಳಿಯಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಕೃಷ್ಣ ಪಾಲೇಪು, ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್ ಎಂ. ರಾಮಮೋಹನ ರಾವ್, ಪೆಂಟಿಯಂ ಚಿಪ್ಪಿನ ಹೆಸರಿನೊಂದಿಗೆ ಗುರುತಾದ ವಿನೋದ್ ಧಾಮ್, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಆರ್. ಪ್ರಸಾದ್ ಇದ್ದರು. ವಿರೋಧದ ಮತ ಒಂದೂ ಬೀಳಲಿಲ್ಲ. ತಡೆದದ್ದು ಮಾರುಕಟ್ಟೆ. ಆ ರಾತ್ರಿ ನ್ಯೂಯಾರ್ಕಿನಲ್ಲಿ ಷೇರು ಅರ್ಧಕ್ಕಿಂತ ಹೆಚ್ಚು ಕುಸಿಯಿತು, ಬೆಳಗಾಗುವಷ್ಟರಲ್ಲಿ ಕಂಪನಿ ಒಪ್ಪಂದ ಕೈಬಿಟ್ಟಿತು.

ನಿಯಮ ಪಾಲನೆಯ ಪ್ರಶಸ್ತಿ

ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2002ರಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಅವರ ಅಧ್ಯಕ್ಷತೆಯಲ್ಲಿ ಕಂಪನಿ ಆಡಳಿತದ ಸಮಿತಿ ನೇಮಿಸಿತ್ತು. 2003ರ ಅದರ ವರದಿಯನ್ನು ಆಧರಿಸಿ, ಕಂಪನಿಗಳು ಷೇರುಪೇಟೆಯೊಂದಿಗೆ ಮಾಡಿಕೊಳ್ಳುವ ಲಿಸ್ಟಿಂಗ್ ಒಪ್ಪಂದದ 49ನೇ ಕಲಮನ್ನು ಪರಿಷ್ಕರಿಸಲಾಯಿತು. ಸ್ವತಂತ್ರ ನಿರ್ದೇಶಕರು, ಲೆಕ್ಕಪರಿಶೋಧನಾ ಸಮಿತಿ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಕಾಗದದ ಮೇಲೆ ಸತ್ಯಂ ಈ ನಿಯಮಗಳನ್ನು ಪಾಲಿಸುತ್ತಿದ್ದ ಕಂಪನಿಯೇ. 2008ರ ಸೆಪ್ಟೆಂಬರ್‌ನಲ್ಲಿ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಅದಕ್ಕೆ ಬಂತು, ನಾಲ್ಕೇ ತಿಂಗಳಲ್ಲಿ ವಾಪಸೂ ಹೋಯಿತು. ಲೆಕ್ಕ ಪರಿಶೋಧಿಸುತ್ತಿದ್ದ ಪ್ರೈಸ್ ವಾಟರ್‌ಹೌಸ್‌ನವರು ಬ್ಯಾಂಕ್ ಶಿಲ್ಕನ್ನು ಬ್ಯಾಂಕುಗಳಿಂದಲೇ ನೇರವಾಗಿ ದೃಢಪಡಿಸಿಕೊಳ್ಳಲಿಲ್ಲ ಎಂದು ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ 2011ರಲ್ಲಿ ಹೇಳಿತು. ಲೆಕ್ಕಪರಿಶೋಧನೆಯಲ್ಲಿ ಇದಕ್ಕಿಂತ ಪ್ರಾಥಮಿಕವಾದ ಕೆಲಸ ಇನ್ನೊಂದಿಲ್ಲ.

ದಾನಧರ್ಮದ ಮರೆ

108ಕ್ಕೆ ಕರೆ ಮಾಡಿದರೆ ಮನೆಬಾಗಿಲಿಗೆ ಆಂಬುಲೆನ್ಸ್ ಬರುವ ಸೇವೆಯನ್ನು 2005ರಲ್ಲಿ ಆರಂಭಿಸಿದ ಇಎಂಆರ್‌ಐ ಸಂಸ್ಥೆಯನ್ನು ಕಟ್ಟಿದವರು ಇದೇ ರಾಜು. 2008ರ ನವೆಂಬರ್‌ನಲ್ಲಿ ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಆರಂಭವಾದದ್ದೂ ಆ ಸಂಸ್ಥೆಯ ಮೂಲಕವೇ. ಆ ಸೇವೆಯಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಕಂಪನಿಯ ನೀತಿಯನ್ನು ಅದರ ಯಜಮಾನರ ದಾನದಿಂದ ಅಳೆಯುವ ನಮ್ಮ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ. ದಾನವು ಲಾಭ ಬಂದ ಮೇಲಿನ ಮಾತು. ನೀತಿಯ ಪರೀಕ್ಷೆ ಲಾಭದ ಲೆಕ್ಕ ಬರೆಯುವಾಗಲೇ ನಡೆಯುತ್ತದೆ.

ಮೂರು ತಿಂಗಳ ಮಂಡಳಿ

ಪ್ರಕರಣದ ಎರಡನೆಯ ಭಾಗ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಕೇಂದ್ರ ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು, ಜನವರಿ 11ರಂದು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನು ನೇಮಿಸಿತು. ಕೆಲವೇ ದಿನಗಳಲ್ಲಿ ತರುಣ್ ದಾಸ್, ಟಿ.ಎನ್. ಮನೋಹರನ್, ಎಲ್‌ಐಸಿಯ ಎಸ್. ಬಾಲಕೃಷ್ಣ ಮೈನಾಕ್ ಸೇರಿದರು. ಅವರ ಮುಂದೆ ನಂಬಬಹುದಾದ ಬ್ಯಾಲೆನ್ಸ್ ಶೀಟೇ ಇರಲಿಲ್ಲ. ಕಾರ್ಖಾನೆ, ಯಂತ್ರಗಳಿಲ್ಲದ ಈ ಉದ್ಯಮದಲ್ಲಿ ನೌಕರರು ಬಿಟ್ಟುಹೋದರೆ, ಗ್ರಾಹಕರು ಗುತ್ತಿಗೆ ಮುರಿದರೆ ಮಾರಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಸಂಬಳಕ್ಕೆ ಬ್ಯಾಂಕ್ ಸಾಲ ಎತ್ತಿದರು, ದೊಡ್ಡ ಗ್ರಾಹಕರೊಂದಿಗೆ ಮಾತಾಡಿದರು, ಫೆಬ್ರವರಿಯಲ್ಲಿ ಹೊರಗಿನವರನ್ನು ತರದೆ ಕಂಪನಿಯ ಹಳಬರಾದ ಎ.ಎಸ್. ಮೂರ್ತಿ ಅವರನ್ನೇ ಸಿಇಒ ಮಾಡಿದರು. ಹಳೆಯ ಲೆಕ್ಕ ಕೆದಕುವ ಕೆಲಸವನ್ನು ಬೇರೆ ಪರಿಶೋಧಕರಿಗೆ ಒಪ್ಪಿಸಿದರು. ಅದು ಮುಗಿದದ್ದು 2010ರಲ್ಲಿ.

ಸರ್ಕಾರದ ಹಣ ಸುರಿಯುವ ಬದಲು ಕಂಪನಿಯನ್ನು ಬಹಿರಂಗ ಹರಾಜಿಗೆ ಇಟ್ಟರು. ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅದರ ಮೇಲ್ವಿಚಾರಣೆ ವಹಿಸಿದರು. ಏಪ್ರಿಲ್ 13ರಂದು ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿ ಕೊಟ್ಟು ಗೆದ್ದಿತು; ಎಲ್ ಆ್ಯಂಡ್ ಟಿ ಕೂಗಿದ್ದು 45.90. 2013ರಲ್ಲಿ ಎರಡೂ ಕಂಪನಿಗಳು ವಿಲೀನವಾದವು. ಈ ಮಂಡಳಿಯ ಮುಖ್ಯ ಬಂಡವಾಳ ಅದರ ಸದಸ್ಯರ ವಿಶ್ವಾಸಾರ್ಹತೆ. ಲೆಕ್ಕವೇ ಸಿಗದ ಕಂಪನಿಗೆ ಬೆಲೆ ಕಟ್ಟಲು ಕೊಳ್ಳುವವರು ಮುಂದಾದದ್ದು ಅದರಿಂದಾಗಿಯೇ.

ಶಿಕ್ಷೆ ಮತ್ತು ಹೊಸ ಕಾನೂನು

2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು, ಅವರ ಸೋದರ ರಾಮರಾಜು ಸೇರಿ ಹತ್ತು ಮಂದಿಗೆ ಏಳು ವರ್ಷಗಳ ಸಜೆ ವಿಧಿಸಿತು. ಮರು ತಿಂಗಳೇ ಮೇಲ್ಮನವಿಯಲ್ಲಿ ಸಜೆ ಅಮಾನತಾಗಿ ಜಾಮೀನು ಸಿಕ್ಕಿತು. ಕಂಪನಿಯಿಂದ ತಾವು ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂದು ರಾಜು ಪತ್ರದಲ್ಲಿ ಹೇಳಿಕೊಂಡಿದ್ದರು. ಸೆಬಿ 2014ರಲ್ಲಿ ಅವರೂ ಇತರ ನಾಲ್ವರೂ ಸುಮಾರು 1,849 ಕೋಟಿ ಅಕ್ರಮ ಲಾಭ ಮಾಡಿಕೊಂಡಿದ್ದಾರೆಂದು ಅದನ್ನು ಹಿಂದಿರುಗಿಸಲು ಆದೇಶಿಸಿತು. ಆ ಮೊತ್ತದ ಮೇಲೆ ವ್ಯಾಜ್ಯ ಮುಂದುವರಿಯಿತು.

2013ರ ಕಂಪನಿ ಕಾಯ್ದೆಯಲ್ಲಿ ಈ ಪ್ರಕರಣದ ಗುರುತುಗಳು ಕಾಣುತ್ತವೆ. ಲಿಸ್ಟಾದ ಕಂಪನಿಯ ಮಂಡಳಿಯಲ್ಲಿ ಮೂರನೆಯ ಒಂದರಷ್ಟು ಸ್ವತಂತ್ರ ನಿರ್ದೇಶಕರಿರಬೇಕು, ಲೆಕ್ಕಪರಿಶೋಧನಾ ಸಂಸ್ಥೆಯನ್ನು ಹತ್ತು ವರ್ಷಕ್ಕೆ ಬದಲಿಸಬೇಕು, ಅಕ್ರಮದ ಬಗ್ಗೆ ದನಿ ಎತ್ತುವವರಿಗೆ ದೂರಿನ ದಾರಿ ಇರಬೇಕು, ಸಂಬಂಧಿಕರ ಕಂಪನಿಗಳೊಂದಿಗಿನ ದೊಡ್ಡ ವಹಿವಾಟಿಗೆ ಷೇರುದಾರರ ಒಪ್ಪಿಗೆ ಬೇಕು, ನಷ್ಟಕ್ಕೊಳಗಾದ ಷೇರುದಾರರು ಒಟ್ಟಾಗಿ ದಾವೆ ಹೂಡಬಹುದು. ಇವುಗಳಲ್ಲಿ ಪರಿಶೋಧಕರ ಬದಲಾವಣೆಯೇ ಹೆಚ್ಚು ಪರಿಣಾಮಕಾರಿ ಎಂದು ನನ್ನ ಅಂದಾಜು, ಏಕೆಂದರೆ ಮುಂದಿನವರು ಬಂದು ಪುಸ್ತಕ ತೆರೆಯುತ್ತಾರೆ ಎಂಬುದು ಈಗಿನವರಿಗೆ ಗೊತ್ತಿರುತ್ತದೆ. ಸ್ವತಂತ್ರ ನಿರ್ದೇಶಕರ ವಿಷಯದಲ್ಲಿ ಆ ಭರವಸೆ ಕಡಿಮೆ. ಅವರ ಹೆಸರು ಸೂಚಿಸುವುದರಲ್ಲಿ, ಷೇರುದಾರರ ಸಭೆಯಲ್ಲಿ ಅವರನ್ನು ಆರಿಸುವ ಮತದಲ್ಲಿ, ದೊಡ್ಡ ಪಾಲು ಹೊಂದಿದ ಪ್ರವರ್ತಕರ ಮಾತೇ ಇಂದಿಗೂ ನಡೆಯುತ್ತದೆ.